ಕೊಂಡಿ ತಗೀರಿ

ಮೊದಲ ಹೇಳಿಬಿಡ್ತೇನಿ, ನಮ್ಮ ಮನಿ ಮಂದಿ ದಡ್ಡರಲ್ಲ. ಭಾಳ ಶಾಣ್ಯಾರು. ಅದ ತ್ರಾಸು. ದಡ್ಡರಿದ್ದಿದ್ರ ಯಾರರೆ ಹೇಳಿದ್ದು ಕೇಳ್ತಿದ್ರು. ನಮ್ಮವರು ಹಂಗಲ್ಲ. ಒಬ್ಬರ ಬಾಯಿಂದ ಮಾತು ಪೂರಾ ಹೊರಗ ಬೀಳೂದ್ರಾಗ ಅದರ ಅರ್ಥ ಏನು, ಅದಕ್ಕ ಪರಿಹಾರ ಏನು, ಯಾರು ಯಾವ ಬಸ್ಸು ಹತ್ತಿ ಎಲ್ಲಿಗೆ ಹೋಗಬೇಕು, ಎಲ್ಲಾ ತೀರ್ಮಾನ ಆಗಿ ಕೈ ತೊಳಕೊಂಡು ಊಟಕ್ಕ ಕುಂತಿರ್ತಿದ್ರು.

ಈಚೀಚೆ ಪೇಪರಿನ್ಯಾಗ ಓದಿದೆ. ಮನಸ್ಸು ಕುಸದವರಿಗೆ ಕೆಟಮಿನ್ ಅಂಬೋ ಔಷಧ ಒಂದೀಟು ಕೊಟ್ಟು, ಬಾಜೂಕ ತಿಳದವರು ಕುಂತು, ಅವರು ಆಡೋ ಮಾತು ಕೇಳಿ, ಆಮ್ಯಾಲೆ ಎಚ್ಚರಿದ್ದಾಗ ಅದ ಮಾತು ಹಿಡಕೊಂಡು ಚಿಕಿತ್ಸಾ ಮಾಡ್ತಾರಂತ. ಹೊಸಾದು ಅಂತ ಬರದಿದ್ರು. ಓದಿ, ಒಬ್ಬಾಕಿನ ಕುಂತು ನಕ್ಕೆ. ಆಮ್ಯಾಲೆ ಸಿಟ್ಟು ಬಂತು. ಎಂಬತ್ತರ ದಶಕದ ಸುರುವಿಗೆ ಬಾಗಲಕೋಟಿ ಒಂದು ದವಾಖಾನ್ಯಾಗ, ಮುಂಗೈ ಎಲುಬು ಕೂಡಸಾಕಂತ ಅದ ಇಂಜೆಕ್ಷನ್ ನಮ್ಮ ವೈನಿಗೆ ಚುಚ್ಚಿದ್ರು. ಅಕಿ ಬಾಯಿ ಬಿಟ್ಟಳು. ಕೇಳವರು ಮಾತ್ರ ಯಾರೂ ಇರಲಿಲ್ಲ. ಸುತ್ತಲೂ ನಮ್ಮ ಮನಿ ಮಂದಿ ಇದ್ರು.

ವೈನಿ ಅಂದ್ರ ನಮ್ಮಣ್ಣನ ಹೇಂತಿ. ಬಾದಾಮಿ ಹತ್ತಿರದ ಚೊಳಚಗುಡ್ಡದಾಕಿ, ಬನಶಂಕರಿ ಗುಡಿ ಗಂಟಿ ಕೇಳಕೋತ ಬೆಳದಾಕಿ. ಸಣ್ಣಾಕಿದ್ದಾಗನ ತಾಯಿ ತೀರಿಕೊಂಡಿದ್ಲು. ಇಳಕಲ್ಲಿಗೆ ನಮ್ಮ ಮನಿಗೆ ಬಂದಾಗ ಮಾತಿನ ಮಲ್ಲಿ ಅಂದ್ರ ಮಾತಿನ ಮಲ್ಲಿ. ರೊಟ್ಟಿ ಬಡಿಯೂ ಸಪ್ಪಳದ ಮ್ಯಾಲೂ ಅಕಿ ನಗಿ ಕೇಳತಿತ್ತು. ಅವ್ವ ಒಳಗಿಂದೊಳಗ ಹಿಗ್ಗತಿದ್ಲು, ಹೊರಗ ಮಾತ್ರ "ಬಾಯಿಗೆ ಒಂದೀಟು ಬಿಡುವು ಕೊಡವಾ ನಮ್ಮವ್ವಾ" ಅಂತಿದ್ಲು. ಮನಿ ಮುಂದ ಅಣ್ಣನ ಸೀರಿ ಅಂಗಡಿ, ಹಿಂದ ಮಗ್ಗ. ನಾ ಅಷ್ಟೊತ್ತಿಗೆ ಬಾಗಲಕೋಟಿ ವಿದ್ಯಾಗಿರಿಯೊಳಗ ಖೋಲಿ ಹಿಡಕೊಂಡು ಕಾಲೇಜಿನ್ಯಾಗ ಕಲಸ್ತಿದ್ದೆ. ಅಪ್ಪ ಇರಲಿಲ್ಲ. ಹಿರ್ಯಾತನ ಎಲ್ಲಾ ಅಪ್ಪನ ತಮ್ಮ, ಹುನಗುಂದದ ಕಾಕಾಂದು. ವಚನ ಬಾಯಿಪಾಠ ಇದ್ದ ಮನಷ್ಯಾ. ಮಂದಿಗೆ ಹೇಳಾಕ.

ವೈನಿಗೆ ತಾಯಿ ಇಲ್ಲಂತ ಚೊಚ್ಚಲ ಬಾಣಂತನ ಇಳಕಲ್ಲಿನ್ಯಾಗ ಆತು. ಹೆಣ್ಣು ಕೂಸು. ನಾ ಹೋಗಿ ನೋಡಿ ಬಂದಿದ್ದೆ. ತಲಿತುಂಬ ಕೂದಲ. ಅದರ ಮ್ಯಾಲ ಗುಳೇದಗುಡ್ಡದ ಖಣದ ಕುಂಚಿಗಿ ಹಾಕಿ, ಗದ್ದದ ಕೆಳಗ ಕಟ್ಟಿ, ಬೆನ್ನ ತನಕ ಇಳಿಬಿಟ್ಟಿದ್ರು. ಆ ಕುಂಚಿಗಿ ವೈನಿ ಬಸರಿದ್ದಾಗ ತಾನ ಕುಂತು ಹೊಲದಿದ್ಲು. ತಿಂಗಳ ತುಂಬೂದ್ರಾಗ ಕೂಸು ಹೋತು. ಜ್ವರ ಬಂದದ್ದ ನೆಪ. ಸುದ್ದಿ ಕೇಳಿ ನಾ ಬಸ್ಸು ಹತ್ತಿ ಇಳಕಲ್ಲು ಮುಟ್ಟೂದ್ರಾಗ ಗಂಡಸರು ಎಲ್ಲಾ ಮುಗಿಸಿ ಝಳಕಾ ಮಾಡಿ ಪಡಸಾಲ್ಯಾಗ ಕುಂತಿದ್ರು. ವೈನಿ ಹಿಂದಿನ ಖೋಲ್ಯಾಗ ಗ್ವಾಡಿಗೆ ಮಾರಿ ಮಾಡಿ ಮಲಗಿದ್ಲು. "ಏನಾತವ್ವಾ?" ಅಂತ ಕೇಳಿದೆ. "ಏನಾಗೂದೈತಿ. ದೇವರ ಕೊಟ್ಟಿದ್ದ, ಕಸಗೊಂಡ" ಅಂದ್ಲು ಅವ್ವ. ಮುಗೀತು. ಮತ್ತೊಂದು ಮಾತಿಲ್ಲ.

ಅವತ್ತಿನಿಂದ ವೈನಿ ಬಾಯಿನೂ ಬಂದ್. ಮೊದಲ ಎಲ್ಲಾರೂ ದುಃಖ ಅಂದ್ರು. ಸುಗ್ಗಿ ಕಳದು ಬ್ಯಾಸಗಿ ಬಂತು, ಬ್ಯಾಸಗಿ ಕಳದು ಮಳಿಗಾಲ ಬಂತು, ಅಕಿ ಮಾತಾಡಲಿಲ್ಲ. ತಲಿ ಬಾಚಕೋಳಂಗಿಲ್ಲ, ಮುಂದ ಇಟ್ಟ ತಾಟು ಹಂಗ ಇರ್ತಿತ್ತು. ಕಂಬಕ್ಕ ಆತು ಕುಂತ್ರ ಕುಂತಲ್ಲೇ. ಆವಾಗ ದುಃಖ ಹೋಗಿ ಸೋಗು ಆತು. ಸೋಗು ಹೋಗಿ ಗಾಳಿ ಸೋಕೈತಿ ಅಂತಾತು. ಒಬ್ಬಾಕಿ ಬಂದು ಮೆಣಸಿನಕಾಯಿ ಇಳೆ ತಗದ್ಲು, ಮನಿ ತುಂಬ ಘಾಟು ಆಗಿ ಎಲ್ಲಾರೂ ಕೆಮ್ಮಿದ್ರು, ಮೊದಲ ಕೆಮ್ಮು ಇದ್ದ ನಮ್ಮವ್ವ ಎಂಟು ದಿನ ಹಾಸಿಗಿ ಹಿಡದ್ಲು. ವೈನಿಗೆ ಏನೂ ಆಗಲಿಲ್ಲ.

ನಾ ರಜಾ ಇದ್ದಾಗೆಲ್ಲಾ ಹೋಗಿ ಗಂಟಲ ಹರಕೊಂಡೆ. "ಇದು ಮನಸ್ಸಿನ ಬ್ಯಾನಿ, ಡಾಕ್ಟರಿಗೆ ತೋರಸ್ರಿ."

"ಯಾವ ಡಾಕ್ಟರು?" ಅಂದ ಅಣ್ಣ.

"ಧಾರವಾಡದಾಗ ಅದಾರ."

ಅಷ್ಟ ಅಂದಿದ್ದೆ. ಅಣ್ಣ ಎದ್ದು ಬಾಗಿಲಾ ಮುಚ್ಚಿ ಬಂದ, ಓಣಿ ಮಂದಿಗೆ ಕೇಳಸ್ತೈತಿ ಅಂತ. ಹುಚ್ಚರ ದವಾಖಾನಿ ಅಲ್ಲೇ ಇರೂದಕ್ಕ, ನಮ್ಮ ಕಡೆ ಧಾರವಾಡಕ್ಕ ಕಳಸ್ರಿ ಅಂದ್ರ ಹುಚ್ಚ ಹಿಡದೈತಿ ಅಂದಂಗ. ಆ ಊರಾಗ ಕಾಲೇಜ ಅದಾವು, ಪೇಢೆ ಐತಿ, ಎಷ್ಟ ಮಂದಿ ದಿನಾ ಹೋಗಿ ಬರ್ತಾರ. ಆದ್ರ ಮನ್ಯಾನ ಹೆಣ್ಮಗಳ ಹೆಸರಿನ ಬಾಜೂಕ ಧಾರವಾಡ ಅಂದ್ರ ಮುಗೀತು. ಅವ್ವ ಹಣಿ ಬಡಕೊಂಡ್ಲು: "ನೀ ಕಲತದ್ದು ನಮ್ಮ ಮನಿ ಮಾನಾ ಕಳ್ಯಾಕನ?"

ಕಾಕಾ ಮಾತ್ರ ತಣ್ಣಗ ಕುಂತು ಅಡಿಕಿ ಕತ್ತರಿಸ್ಕೋತ ಹೇಳಿದ: "ಅಕಿನ್ನ ಬಾದಾಮಿ ಕಡೆ ಅವರಪ್ಪನ ಮನ್ಯಾಗ ಬಿಟ್ಟು ಬರ್ರಿ. ಅಲ್ಲೇ ಇರ್ಲಿ. ಹುಡುಗ ಇನ್ನೂ ಹರೇದಾಂವ. ನಮ್ಮ ಹುನಗುಂದದಾಗ ಒಂದು ಕನ್ಯಾ ಐತಿ." ಆ ಕನ್ಯಾ ಕಾಕಾನ ಹೇಂತಿ ಕಡೀದು ಅನ್ನೂದು ಬ್ಯಾರೆ ಮಾತು. ನಾ ಅಣ್ಣನ ಮಾರಿ ನೋಡಿದೆ. ಅಂವ ಸೀರಿ ಘಳಿಗಿ ಬಿಚ್ಚಿ ಮತ್ತ ಮಡಚಿದ. ವೈನಿ ಅಲ್ಲೇ ಕಂಬಕ್ಕ ಕುಂತಿದ್ಲು. ಕೇಳಿದ್ಲೊ ಇಲ್ಲೊ ತಿಳೀಲಿಲ್ಲ.

ಅಂಥಾದ್ರಾಗ ವೈನಿ ಬಚ್ಚಲದಾಗ ಕಾಲು ಜಾರಿ ಬಿದ್ಲು. ಮುಂಗೈ ಮುರದು ಸೊಟ್ಟ ಆತು. ತಗೋರಿ, ಮನಿ ಮಂದಿ ಎಲ್ಲಾ ಎದ್ದು ನಿಂತ್ರು. ಕೈ ಮುರದ್ರ ದವಾಖಾನಿಗೆ ಹೋಗಬೇಕು ಅನ್ನೂದು ಎಲ್ಲಾರಿಗೂ ಗೊತ್ತು, ಅದಕ್ಕ ಯಾರ ಮಾನಾನೂ ಹೋಗೂದಿಲ್ಲ. ಟೆಂಪೊ ಮಾಡಿಸಿ ಬಾಗಲಕೋಟಿಗೆ ತಂದ್ರು. ಬ್ಯಾಡ ಅಂದ್ರೂ ಕಾಕಾನೂ ಬಂದ.

ಅಲ್ಲಿನ ಡಾಕ್ಟರಿಗೆ ಮೂಗಿನ ತುದ್ಯಾಗ ಸಿಟ್ಟು. ಆದ್ರ ಕೈ ಒಳ್ಳೇದು ಅಂತ ಹೆಸರಿತ್ತು. ಮೊದಲ ಎಲ್ಲಾರಿಗೂ ತಾಕೀತು ಮಾಡಿದ್ರು. "ನೋಡ್ರಿ, ಈ ಸೂಜಿ ಬರೇ ನಿದ್ದಿ ಬರಸೂದಲ್ಲ. ಮೈ ಒಂದು ಕಡೆ, ಮನಸ್ಸು ಒಂದು ಕಡೆ ಮಾಡ್ತೈತಿ. ಎಚ್ಚರ ಆಗೂ ಮುಂದ ಏನೇನರೆ ಕಾಣ್ತೈತಿ, ಏನೇನರೆ ಅಂತಾರ. ಗಾಬರಿ ಆಗಬ್ಯಾಡ್ರಿ, ಗದ್ದಲ ಮಾಡಬ್ಯಾಡ್ರಿ. ಸುಮ್ನಿರ್ರಿ."

ಸುಮ್ನಿರ್ರಿ ಅಂತ ನಮ್ಮ ಮಂದಿಗೆ!

ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿ ತಂದು ಮಂಚದ ಮ್ಯಾಲ ಮಲಗಿಸಿದ್ರು. ವೈನಿ ಕಣ್ಣು ತೆರದ ಇದ್ವು, ಆದ್ರ ನಮ್ಮನ್ನ ನೋಡ್ತಿರಲಿಲ್ಲ. ಮ್ಯಾಲ ಮಾಳಗಿ ಕಡೆ ನೋಡಿ ತುಟಿ ಅಲುಗಿಸಿದ್ಲು. ನಾ ಬಗ್ಗಿದೆ. "ಕೊಂಡಿ ತಗೀರಿ" ಅಂದ್ಲು. ಮೊದಲ ಮೆತ್ತಗ. ಆಮ್ಯಾಲೆ ವಾರ್ಡಿನ ತುಂಬ ಕೇಳೂಹಂಗ ಒದರಿದ್ಲು, "ಕೊಂಡಿ ತಗೀರೀ!"

ಅಷ್ಟು ತಿಂಗಳಿಂದ ಕೇಳದ ದನಿ. ನನಗ ಅಳು ತಡೀಲಾರದಂಗ ಬಂತು. ಒಂದ ಗಳಿಗಿ ಎಲ್ಲಾರೂ ತೆಪ್ಪಗ ನಿಂತ್ರು. ಆ ಗಳಿಗಿ ಹಂಗ ಉಳದಿದ್ರ ಏನಾಗ್ತಿತ್ತೊ ಅಂತ ನಾ ಇವತ್ತಿಗೂ ಅನಕೋತೇನಿ. ಅಷ್ಟರಾಗ ನಮ್ಮವ್ವ ಎರಡೂ ಕೈ ಮುಗದು, "ತಾಯಿ ಬಂದ್ಲು! ಬನಶಂಕರಿ ಮೈಮ್ಯಾಲ ಬಂದ್ಲು!" ಅಂದುಬಿಟ್ಲು.

ಅಣ್ಣ ಕೊಂಡಿ ಅನ್ನೂ ಮಾತು ಹಿಡಕೊಂಡ. ಮಗ್ಗದ ಮನ್ಯಾಗ ಕೊಂಡಿ ಅಂದ್ರ ಒಂದ ಅರ್ಥ. ಇಳಕಲ್ಲ ಸೀರಿಯೊಳಗ ಮೈ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡರ ಎಳಿಗೂ ಒಂದೊಂದಾಗಿ ಕುಣಿಕಿ ಹಾಕಿ ಕೂಡಸ್ತಾರ, ಅದ ಕೊಂಡಿ. ಮುಂಜಾನಿಂದ ಸಂಜೀತನಕ ಆ ಮಾತು ನಮ್ಮ ಮನ್ಯಾಗ ಬೀಳತಿತ್ತು. ಬಾಗಿಲದ್ದಕ್ಕ ನಾವು ಚಿಲಕ ಅಂತಿದ್ವಿ. "ಮಗ್ಗದ ಮ್ಯಾಲಿಂದು ಕೆಂಪ ಸೆರಗಿನ ಸೀರಿ ಕೊಂಡಿ ತಪ್ಪಿರಬೇಕು" ಅಂದ ಅಣ್ಣ. ಕಾಕಾ ಎರಡನ್ನೂ ಕೂಡಿಸಿಬಿಟ್ಟ: "ದೇವಿ ಸೀರಿ ಕೇಳಾಕತ್ತಾಳ. ಕೊಂಡಿ ತಗೀರಿ ಅಂದ್ರ, ಮಗ್ಗದ ಮ್ಯಾಲಿಂದು ತಗದು ನನಗ ಏರಿಸ್ರಿ ಅಂತ." ಎಂಥಾ ಪಂಡಿತ! ಕೊರಳಾಗ ಲಿಂಗ, ಬಾಯಾಗ ವಚನ, ಕೈಯಾಗ ಉದಿನಕಡ್ಡಿ. ಎಲ್ಲಿಂದ ತಂದಿದ್ನೊ, ಚೀಲದಾಗಿಂದ ತಗದು ವಾರ್ಡಿನ್ಯಾಗ ಹಚ್ಚೇ ಬಿಟ್ಟ. ಅವ್ವ ಅದ ಚೀಲದಾಗಿನ ತೆಂಗಿನಕಾಯಿ ತಗೊಂಡು ಮಂಚದ ಕಬ್ಬಿಣದ ಕಾಲಿಗೆ ಒಡದ್ಲು. ಡಾಕ್ಟರು ಓಡಿ ಬರೂದಕ್ಕೂ ಕಾಯಿ ನೀರು ಅವರ ಬೂಟಿನ ಮ್ಯಾಲ ಸಿಡಿಯೂದಕ್ಕೂ ಸರೀ ಆತು.

"ಇದೇನು ದವಾಖಾನ್ಯೊ, ಗುಡ್ಯೊ?" ಅಂತ ಅವರು ಒದರಿದ ದನಿ ಔಷಧ ಅಂಗಡಿ ಮಟಾ ಕೇಳಿರಬೇಕು. ವೈನಿ ಈ ಗದ್ದಲಕ್ಕ ಹೆದರಿ ಕಣ್ಣು ಮುಚಗೊಂಡ್ಲು. ನನಗ ನೆಲಾ ಬಾಯಿ ಬಿಡಬಾರದ ಅನಸ್ತು.

ಖರೆ ಹೇಳಬೇಕಂದ್ರ, ಆಮ್ಯಾಲಿಂದು ಒಂದು ವಾರ ಒಂದು ಸೋಜಿಗ ಆತು. ಕೈ ಬಾವು ಇಳಿಯೂತನಕ ವೈನಿ ನನ್ನ ಖೋಲ್ಯಾಗ ಇರ್ಲಿ ಅಂತ ಹಟಾ ಮಾಡಿ ಇಟಗೊಂಡಿದ್ದೆ. ಅಕಿ ಎದ್ದು ಕುಂತು ಊಟಾ ಮಾಡಿದ್ಲು. ಪುಂಡಿಪಲ್ಯ ಇನ್ನೊಂದೀಟು ಹಾಕು ಅಂತ ಸನ್ನಿ ಮಾಡಿದ್ಲು. ತಲಿ ಬಾಚಸ್ಕೊಂಡ್ಲು. ಒಂದ ಮುಂಜಾನೆ ಕಿಡಕಿ ಬಲ್ಲಿ ನಿಂತು, "ಬಿಸಲು ಭಾಳ ಐತಿ ತಂಗಿ" ಅಂದ್ಲು. ನಾ ಕಾಲೇಜಿಗೆ ಹೋಗೂದು ಬಿಟ್ಟು ಡಾಕ್ಟರ ಕಡೆ ಓಡಿದೆ.

"ಹಿಂಗ ಒಬ್ಬಿಬ್ಬರದು ನಾನೂ ನೋಡೇನ್ರಿ ಅಕ್ಕಾರ" ಅಂದ್ರು ಅವರು. "ಯಾಕಂತ ಕೇಳಬ್ಯಾಡ್ರಿ, ನನಗ ಗೊತ್ತಿಲ್ಲ. ನಾ ಎಲುಬು ಕೂಡಸಾಂವ. ಆದ್ರ ಇದು ಭಾಳ ದಿನ ನಿಲ್ಲೂದಿಲ್ಲ. ಈಗ ಬಾಯಿ ತೆರದಾರ. ಈಗ ಯಾರರೆ ಕುಂತು ಕೇಳಬೇಕು."

ಅದನ್ನ ಮನಿ ಮಂದಿಗೆ ಹೇಳಿದೆ. ಎಮ್ಮಿ ಮ್ಯಾಲ ಮಳಿ ಸುರದಂಗ. "ಕೇಳೂದ? ಹೌದು, ಕೇಳೂನು" ಅಂತ ಇಳಕಲ್ಲಿಗೆ ಕರಕೊಂಡು ಹೋದ್ರು. ಏನು ಕೇಳಿದ್ರು ಗೊತ್ತೇನು? ವೈನೀನ್ನ ಪಡಸಾಲ್ಯಾಗ ಚಾಪಿ ಹಾಸಿ ಕುಂಡ್ರಸಿ, ಓಣಿ ಹೆಣ್ಮಕ್ಕಳು ಸಾಲಗಟ್ಟಿ, "ನಮ್ಮ ಹುಡಗಿ ಲಗ್ನ ಯಾವಾಗ ಆಗ್ತೈತಿ ತಾಯಿ?" "ನಮ್ಮ ಎಮ್ಮಿ ಯಾಕ ಹಾಲು ಬಿಟ್ಟೈತಿ?" ಪಾಪ, ಅಕಿ ಒಬ್ಬೊಬ್ಬರ ಮಾರಿ ನೋಡಿ ನೋಡಿ, ಮತ್ತ ಗ್ವಾಡಿ ಕಡೆ ತಿರುಗಿದ್ಲು. ಮತ್ತ ಬಾಯಿ ಬಂದ್. ತಾಟು ಮತ್ತ ಹಂಗ ಉಳೀತು. ದೇವಿ ಮೈಗೆ ಸುಣ್ಣದ ಕಟ್ಟು ಇರಬಾರದು, ಅದಕ್ಕ ತಾಯಿ ಮುನಸ್ಕೊಂಡಾಳ ಅಂತ ಕಾಕಾ ಅಂದನಂತ. ಪ್ಲಾಸ್ಟರ್ ಒಡಸಿ ಎಣ್ಣಿ ಹಚ್ಚಿಸಿದ್ರು. ಕೈ ಬಾತು ಬದನೀಕಾಯಿ ಆತು.

ಆವಾಗ ಎರಡು ಮಾತು ಸುರು ಆದ್ವು. ಒಂದು, ಡಾಕ್ಟರಿಗೆ ಹೇಳಿ ಇನ್ನೊಂದು ಸೂಜಿ ಹಾಕಸೂದು, ದೇವಿ ಮಾತಾಡ್ತಾಳ. ಎರಡನೇದು, ಮಾತಾಡದಿದ್ರ ಅಲ್ಲಿಂದ ಹಂಗ ಬಾದಾಮಿ ಬಸ್ಸು ಹತ್ತಿಸಿ ಅವರಪ್ಪನ ಕೈಯಾಗ ಒಪ್ಪಿಸೂದು. ವೈನಿ ಅರಿವಿ ಟ್ರಂಕಿನ್ಯಾಗ ತುಂಬಿ ಕಟಗೊಂಡ ಬಾಗಲಕೋಟಿಗೆ ಬಂದ್ರು. ಟ್ರಂಕು ದವಾಖಾನಿ ಬಾಗಿಲದಾಗ ಇಟ್ಟಿದ್ದ ನೋಡಿ ನನ್ನ ತಲಿ ಚಿಟ್ ಹಿಡೀತು. "ಅಣ್ಣಾ, ನಿನಗ ನಾಲಿಗಿ ಐತೇನು?" ಅಂದೆ. ಅಂವ ಟ್ರಂಕಿನ ಮ್ಯಾಲ ಕುಂತ.

ಕಾಕಾ ಡಾಕ್ಟರ ಮುಂದ ನಿಂತು, "ಆ ದೇವಿ ಬರೂ ಸೂಜಿ ಇನ್ನೊಮ್ಮೆ ಹಾಕ್ರಿ" ಅಂದ. ಡಾಕ್ಟರು ಅವನ್ನ ನೋಡಲೂ ಇಲ್ಲ. ವೈನಿ ಕೈ ನೋಡಿದ್ರು. ಎಲುಬು ಸರದು ಮತ್ತ ಸೊಟ್ಟ ಕುಂತಿತ್ತು. ಇನ್ನೊಮ್ಮೆ ಎಳದು ಕೂಡಸಬೇಕು, ಅದಕ್ಕ ಸೂಜಿ ಹಾಕಾಕ ಬೇಕು. ಕಾಕಾಗ ಖುಷಿ ಆತು.

"ಆದ್ರ ಎಲ್ಲಾರೂ ಹೊರಗ" ಅಂದ್ರು ಡಾಕ್ಟರು. "ಅಂಗಳಕ್ಕಲ್ಲ. ರಸ್ತಾಕ್ಕ. ಅಕ್ಕಾರ, ನೀವೊಬ್ಬರ ಒಳಗಿರ್ರಿ. ಕಿಡಕಿ ಮುಚ್ಚಸ್ತೇನಿ. ಕೈ ಹಿಡಕೊಂಡು ಕುಂಡ್ರಿ. ಏನೂ ಕೇಳಬ್ಯಾಡ್ರಿ, ಅರ್ಥಾ ಹಚ್ಚಬ್ಯಾಡ್ರಿ. ಅಕಿ ಏನಂತಾಳ ಅಷ್ಟ ಕೇಳ್ರಿ. ಎಚ್ಚರಾದ ಮ್ಯಾಲೆ ಅಕಿ ಮಾತು ಅಕಿಗೇ ಹೇಳ್ರಿ. ನಿಮ್ಮ ಮನಿ ಮಂದಿಗೆ ಇದೊಂದು ಬರಂಗಿಲ್ಲ."

ನನಗರೆ ಎಲ್ಲಿ ಬರ್ತಿತ್ತು! ನಾನೂ ಅದ ಮನಿ ಹೆಣ್ಮಗಳು, ಮ್ಯಾಲಾಗಿ ಮಾಸ್ತರಿಕಿ. ವೈನಿ ಮತ್ತ ಮಾಳಗಿ ಕಡೆ ಕಣ್ಣು ತೆರದು, "ಕೊಂಡಿ ತಗೀರಿ" ಅಂದಾಗ ನಾಲಿಗಿ ತುದೀಗೆ ಬಂದಿತ್ತು, ಯಾವ ಕೊಂಡಿ ವೈನಿ ಅಂತ. ಹಲ್ಲು ಕಚ್ಚಿ ಕುಂತೆ. ಅಕಿ ಕೈ ನನ್ನ ಕೈಯಾಗ ತಣ್ಣಗಿತ್ತು.

"ಕೊಂಡಿ ತಗೀರಿ ಅತ್ತೀ" ಅಂದ್ಲು ಆಮ್ಯಾಲೆ. "ಬಾಗಿಲಾ ತಗೀರಿ. ಅಳಂಗಿಲ್ಲ ನಾ. ಸುಮ್ನ ನೋಡ್ತೇನಿ. ಒಯ್ಯಬ್ಯಾಡ್ರಿ, ತಲಿ ಬರೇ ಐತಿ. ಕುಂಚಿಗಿ ಇಲ್ಲೇ ಉಳೀತು. ಹೊರಗ ಥಂಡಿ ಐತಿ. ಕುಂಚಿಗಿ ಅಷ್ಟ ಕೊಡ್ತೇನಿ, ಅತ್ತೀ, ಕೊಂಡಿ ತಗೀರಿ."

ಹಿಂದಿನ ಖೋಲಿ ಬಾಗಿಲಾ ನನ್ನ ಕಣ್ಣ ಮುಂದ ಬಂತು. ಮನ್ಯಾಗ ಎಲ್ಲಾ ಬಾಗಿಲಕ್ಕೂ ಒಳಗ ಚಿಲಕ. ಆ ಒಂದು ಹಳೇ ಬಾಗಿಲಕ್ಕ ಮಾತ್ರ ಹೊರಗಿಂದ ಹಾಕೂದು ಕಬ್ಬಿಣದ ಸರಪಳಿ. ವೈನಿ ತವರಿನ್ಯಾಗ ಅದಕ್ಕ ಕೊಂಡಿ ಅಂತಾರ.

ಅಕಿ ಕಣ್ಣು ಮುಚ್ಚಿದ ಮ್ಯಾಲೆ ನರ್ಸಬಾಯಿನ್ನ ಬಾಜೂಕ ಕುಂಡ್ರಸಿ ನಾ ಹೊರಗ ಬಂದೆ. ಸಿಟ್ಟು ನೆತ್ತಿಗೇರಿತ್ತು. ಅಣ್ಣ, ಕಾಕಾ ಚಹಾ ಕುಡ್ಯಾಕ ಹೋಗಿದ್ರು. ಅವ್ವ ಒಬ್ಬಾಕಿನ ಗೇಟಿನ ಕಡೆ ಬೇವಿನ ಗಿಡದ ಕೆಳಗ ಕುಂತಿದ್ಲು.

"ಕೊಂಡಿ ಹಾಕಿದವರು ಯಾರು?" ಅಂದೆ.

ಯಾವ ಕೊಂಡಿ ಅಂತ ಅವ್ವ ಕೇಳಲಿಲ್ಲ. ಅಲ್ಲೇ ನನಗ ತಿಳೀತು.

"ನಾನ" ಅಂದ್ಲು. "ಹಸೀ ಬಾಣಂತಿ, ಓಡಿ ಬರ್ತಿದ್ಲು. ಕೂಸು ಒಯ್ಯೂದು ತಾಯಿ ನೋಡಬಾರದು ಅಂತಾರ. ನೋಡಿದ್ರ ಮುಂದ ಹೊಟ್ಟಿ ನಿಲ್ಲೂದಿಲ್ಲಂತ."

"ಮತ್ತ ದೇವಿ? ತೆಂಗಿನಕಾಯಿ? ಇಷ್ಟು ದಿನದ ಈ ಹುಚ್ಚಾಟ?"

"ಅಕಿ ಕೊಂಡಿ ಅಂದಕೂಡಲೆ ನನಗ ತಿಳದಿತ್ತವಾ. ದೇವಿ ಅಂದುಬಿಟ್ರ ಮುಂದ ಯಾರೂ ಕೇಳೂದಿಲ್ಲ ಅಂತ ಅಂದೆ. ಅದು ಇಷ್ಟು ದೂರ ಹೋಗ್ತೈತಿ ಅಂತ ನನಗೇನ ಗೊತ್ತು."

ನಾ ರಸ್ತಾದಾಗ ನಿಂತೇನಿ ಅನ್ನೂದೂ ಮರತು ಒದರಿದೆ. ಏನೇನಂದೆ ನೆನಪಿಲ್ಲ. ಹಾದು ಹೋಗೂ ಮಂದಿ ನಿಂತು ನೋಡಿದ್ರು. ಅವ್ವ ಸೆರಗ ಬಾಯಿಗೆ ಹಚ್ಚಿ ಕೆಮ್ಮಿಕೋತ ಎಲ್ಲಾ ಕೇಳಿದ್ಲು. ನನ್ನ ಉಸಿರು ಮುಗದ ಮ್ಯಾಲೆ ನೆಲಾ ನೋಡಿ ಅಂದ್ಲು, "ನನಗೂ ಹಾಕಿದ್ರು."

"ಏನು?"

"ನಿಮ್ಮಣ್ಣಗಿಂತ ಮೊದಲ ಒಂದು ಇತ್ತು. ಹೆಣ್ಣ. ಅದ ಖೋಲಿ, ಅದ ಕೊಂಡಿ. ನಿಮ್ಮಜ್ಜಿ ಹಾಕಿದ್ಲು."

ನನಗೊಬ್ಬಾಕಿ ಅಕ್ಕ ಇದ್ಲು ಅನ್ನೂದು ಆ ಬೇವಿನ ಗಿಡದ ಕೆಳಗ ನನಗ ಗೊತ್ತಾತು. ಬೈಯಾಕ ಇನ್ನೂ ಭಾಳ ಉಳದಿತ್ತು. ಯಾರಿಗೆ ಬೈಯೂದು ಅಂತ ತಿಳೀಲಿಲ್ಲ. ಇಂಥಾ ಮಂದಿ ಕೂಡ ಸಿಟ್ಟು ಮಾಡೂದೂ ಸುಖ ಇಲ್ಲ ನೋಡ್ರಿ, ಅರ್ಧಕ್ಕ ಕಸಗೊಂಡ ಬಿಡ್ತಾರ.

ವೈನಿಗೆ ಚಲೋ ಎಚ್ಚರಾದ ಮ್ಯಾಲೆ ಡಾಕ್ಟರು ಹೇಳಿದಂಗ ಅಕಿ ಮಾತು ಅಕಿಗೆ ಹೇಳಿದೆ. ಒಂದಕ್ಷರ ಕೂಡಸಲಿಲ್ಲ, ಬಿಡಲಿಲ್ಲ. ಕುಂಚಿಗಿ ಅನ್ನೂದ್ರಾಗ ಅಕಿಗೆ ಅಳು ಬಂತು. ಕೂಸು ಹೋದ ಮ್ಯಾಲೆ ಅಕಿ ಅತ್ತದ್ದು ಅದ ಮೊದಲಂತ. ಅಳೂದು ನಿಲ್ಲೂತನಕ ಕುಂತೆ. ತಲಿ ಎತ್ತಿ ನೋಡಿದ್ರ ಅವ್ವ ಬಾಗಿಲದಾಗ ನಿಂತಿದ್ಲು. ಒಳಗ ಬರಾಕ ಕಾಲು ಏಳವಲ್ದು.

"ಕೊಂಡಿ ನಾ ಹಾಕಿದ್ದವಾ" ಅಂದ್ಲು ಅಲ್ಲಿಂದನ.

"ಗೊತ್ತೈತ್ರಿ ಅತ್ತಿ" ಅಂದ್ಲು ವೈನಿ. "ನೀವು ಬಾಗಿಲ ಆಕಡೆ ನಿಂತಿದ್ರಿ. ನಿಮ್ಮ ಕೆಮ್ಮು ಕೇಳತಿತ್ತು. ಹೋಗಲೂ ಇಲ್ಲ, ತಗೀಲೂ ಇಲ್ಲ."

ಅವ್ವ ಬಂದು ಮಂಚದ ತುದೀಗೆ ಕುಂತ್ಲು. ತನ್ನ ಕೂಸಿನ ಕತಿ ಹೇಳಿದ್ಲು, ನನಗ ಹೇಳಿದ್ದ ಅಷ್ಟನ್ನೂ, ಅದಕ್ಕಿಂತ ಹೆಚ್ಚಿಂದೂ. "ನಾ ಅವತ್ತು ಬಾಗಿಲಾ ಬಡೀಲಿಲ್ಲವಾ" ಅಂದ್ಲು ಕಡೀಕ. "ನೀ ಬಡದಿ. ಅದು ಕೇಳಿ ನನಗ ಹೆದರಿಕಿ ಆತು."

"ನೀವು ಬಡದಿದ್ರ ಅವರು ತಗೀತಿದ್ರೇನ್ರಿ ಅತ್ತಿ?"

ವೈನಿ ಪ್ಲಾಸ್ಟರ್ ಇಲ್ಲದ ಕೈ ಚಾಚಿ ಅವ್ವನ ಮೊಣಕಾಲ ಮ್ಯಾಲ ಇಟ್ಲು.

ಅಂಥಾ ಹೊತ್ತಿನ್ಯಾಗ ಕಾಕಾ ಬಾಗಿಲದಾಗ ತಲಿ ಹಾಕಿ, "ದೇವಿ ಏನಂದ್ಲು? ಬಾದಾಮಿ ಬಸ್ಸಿನ ಹೊತ್ತಾತು" ಅಂದ. ನಾ ಬಾಯಿ ತಗಿಯೂದ್ರಾಗ ಅವ್ವ ಎದ್ಲು.

"ನೀ ಹುನಗುಂದದ ಬಸ್ಸು ಹತ್ತು ಮಾರಾಯಾ" ಅಂದ್ಲು. "ನನ್ನ ಸೊಸಿ ಎಲ್ಲಿಗೂ ಹೋಗಂಗಿಲ್ಲ."

ಅಣ್ಣ ಟ್ರಂಕು ಎತ್ತಿ ಹೆಗಲ ಮ್ಯಾಲ ಇಟಗೊಂಡು ವಿದ್ಯಾಗಿರಿ ಕಡೆ ನನ್ನ ಖೋಲಿಗೆ ನಡದ. ಅಷ್ಟರೆ ಮಾಡಿದ.

ಒಂದ ದಿನಕ್ಕ ಎಲ್ಲಾ ನೆಟ್ಟಗಾತು ಅಂತ ಹೇಳಿದ್ರ ಸುಳ್ಳಾಗ್ತೈತಿ. ಸೂಜಿಯಿಂದ ಬಂದಿದ್ದ ಹಗುರು ಇಳದ ಮ್ಯಾಲೆ ವೈನಿ ಮತ್ತ ಕುಸೀತಿದ್ಲು. ಆದ್ರ ಈ ಸಲ ಕುಂತು ಕೇಳವರು ಇದ್ರು, ಅಕಿ ಮಾತು ಅರ್ಧಕ್ಕ ಬಿಟ್ಟದ್ದು ಮರುದಿನ ಮುಂದವರಸ್ತಿದ್ಲು. ಡಾಕ್ಟರು ಬರದು ಕೊಟ್ಟ ಚೀಟಿ ಹಿಡಕೊಂಡು ಅಣ್ಣ ಅಕಿನ್ನ ಧಾರವಾಡಕ್ಕೂ ಕರಕೊಂಡು ಹೋಗಿ ಬಂದ. ಓಣ್ಯಾಗ ಮಾತ್ರ ಸೀರಿ ವ್ಯಾಪಾರಕ್ಕ ಹೋಗಿದ್ವಿ ಅಂದ. ಹೇಳ್ಕೋ ಮಾರಾಯಾ, ಏನ ಬೇಕಾದ್ದು ಹೇಳ್ಕೋ.

ಒಂದ ಸಂಜೀಕ ವೈನಿ ಟ್ರಂಕಿನ್ಯಾಗಿಂದ ಖಣದ ತುಂಡು ತಗದು ನನ್ನ ಮುಂದ ಇಟ್ಲು. "ತಂಗಿ, ಒಂದು ಕುಂಚಿಗಿ ಹೊಲದು ಕೊಡು. ನನ್ನ ಕೈ ಕಟ್ಟ್ಯಾರ."

ಕೂಸಿನ ಕುಂಚಿಗಿ ಅಕಿ ಕಡೇನ ಇತ್ತು. ಟ್ರಂಕಿನ ತಳದಾಗ ಮಡಚಿ ಇಟ್ಟದ್ದು ನೋಡಿದ್ದೆ. ಮತ್ತ ತಲಿ ಹಾದಿ ತಪ್ಪಿತೇನೊ ಅಂತ, "ಯಾರಿಗೆ ವೈನಿ? ಯಾಕ?" ಅಂತ ಕೇಳಿದೆ. "ಹೊಲಿ ನೀ" ಅಂದ್ಲು ಅಷ್ಟ. ಹೊಲಿಗಿಗೂ ನನಗೂ ಹುಟ್ಟಾ ವೈರ. ಬೆರಳಿಗೆ ಚುಚಗೊಂಡು, ಬಿಚ್ಚಿ, ಮತ್ತ ಹೊಲದು, ಸಿಟ್ಟಿಗೆದ್ದು ಬೀಸಿ ಒಗದು, ಮತ್ತ ಎತಗೊಂಡು, ಅಂತೂ ಕುಂಚಿಗಿ ಅನ್ನೂಹಂಗ ಒಂದು ಮಾಡಿಕೊಟ್ಟೆ.

ಪ್ಲಾಸ್ಟರ್ ತಗದ ಮ್ಯಾಲೆ ಇಳಕಲ್ಲಿಗೆ ಹೋದ್ವಿ. ಅಣ್ಣ ಮುಂದ ನಡದು ಹೊಲದ ಬದುವಿನ್ಯಾಗ ಬನ್ನಿ ಗಿಡದ ಬಡ್ಡಿ ತೋರಿಸಿದ. "ಇಲ್ಲೇ" ಅಂದು ದೂರ ಹೋಗಿ ನಿಂತ. ಅವನ ಹೆಗಲು ಅಲಗತಿದ್ವು. ವೈನಿ ಕುಂತು, ಕೈಲೆ ಮಣ್ಣು ತೋಡಿ, ಹಳೇ ಕುಂಚಿಗಿ ಇಟ್ಟು, ಮುಚ್ಚಿ ತಟ್ಟಿದ್ಲು. ನಿದ್ದಿ ಬರಸೂ ಮುಂದ ತಟ್ಟಿದಂಗ. ಅವ್ವ ಒಂದ ಕಡೆ ಸರದು ನಿಂತಿದ್ಲು.

"ನಿಮ್ಮದು ಎಲ್ಲೈತ್ರಿ ಅತ್ತಿ?" ಅಂದ್ಲು ವೈನಿ.

"ಯಾರೂ ಹೇಳಲಿಲ್ಲವಾ. ನಾನೂ ಕೇಳಲಿಲ್ಲ. ಹೇಳವರೆಲ್ಲಾ ಹೋದ್ರು."

ವೈನಿ ಸೆರಗಿನ ಗಂಟು ಬಿಚ್ಚಿ ಹೊಸಾ ಕುಂಚಿಗಿ ತಗದು ಅವ್ವನ ಕೈಯಾಗ ಇಟ್ಲು. "ಹಂಗಾರ ಇಲ್ಲೇ ಇಡ್ರಿ. ಎರಡೂ ಕೂಡೇ ಇರ್ಲಿ."

ಅವ್ವ ಅದನ್ನ ತಿರುಗಿಸಿ ಮುರುಗಿಸಿ ನೋಡಿದ್ಲು. ಗದ್ದದ ಕೆಳಗಿನ ದಾರಾ ಎಳದು ನೋಡಿದ್ಲು. ನನ್ನ ಕಡೆ ತಿರುಗಿ, "ಹೊಲಿಗಿ ಎಲ್ಲಾ ಸೊಟ್ಟ ಹಾಕೀದಿ ನೋಡು, ಇಷ್ಟ ಓದಿ ಏನ ಬಂತು" ಅಂತ ಬೈಕೋತನ ಅಲ್ಲೇ ಬದುವಿನ ಮ್ಯಾಲ ಕುಸದು ಕುಂತು, ಕುಂಚಿಗಿ ಮಾರಿಗೆ ಒತ್ತಿಗೊಂಡು, ದನಿ ತಗದು ಅತ್ಲು. ವೈನಿ ಅಕಿ ಬಾಜೂಕ ಕುಂತ್ಲು. ಆ ಕುಂಚಿಗಿ ಅವ್ವ ಮಣ್ಣಾಗ ಇಡಲಿಲ್ಲ. ಸೆರಗಿನ್ಯಾಗ ಕಟಗೊಂಡು ಮನಿಗೆ ತಂದ್ಲು.